ಲ್ವಾರ್ ನದಿಯ ಒಂಬತ್ತು ದಿನ

ಟೊರೆನ್ಸ್
ಫೆಬ್ರವರಿ 6, 2022

ರಜನಿ,

ನನ್ನ ಕನ್ನಡ ಕೈಬರಹ ನೋಡಿ ನೀನು ಈಗಾಗಲೇ ನಗಲು ಶುರು ಮಾಡಿರುತ್ತೀಯ. ನಾರ್ತ್‌ರಿಜ್‌ನಲ್ಲಿ ಒಂದೇ ಕೋಣೆಯಲ್ಲಿ ಓದುತ್ತಿದ್ದಾಗ ಈ ಇಂಗ್ಲಿಷ್ ಮೀಡಿಯಮ್ಮಿನವಳ ಒತ್ತಕ್ಷರಗಳನ್ನು ನೀನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದೆ. ನೀನು ಮದುವೆಯಾಗಿ ಸ್ಯಾನ್ ಡಿಯಾಗೋಗೆ ಹೊರಟ ದಿನ, ಫೋನು ಎಷ್ಟೇ ಇರಲಿ, ಆಗಾಗ ಒಂದು ಕಾಗದ, ಅದೂ ಕನ್ನಡದಲ್ಲಿ, ಎಂದು ಮಾತಾಡಿಕೊಂಡೆವು. ಇಷ್ಟು ವರ್ಷ ಉಳಿಸಿಕೊಂಡು ಬಂದದ್ದು ಅದೊಂದೇ ಇರಬೇಕು.

ಈ ಸಲ ಒಂದು ಆಸೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ಫ್ರಾನ್ಸಿಗೆ ಒಂದು ಪ್ರವಾಸವಿದೆ. ಎಂಟೇ ಜನ, ಜೊತೆಗೊಬ್ಬ ಗೈಡ್. ಲ್ವಾರ್ ನದಿಯ ದಂಡೆಯ ಹಳೆಯ ಕೋಟೆಮನೆಗಳು, ಸಂತೆಗಳು, ಅಡುಗೆಯ ಪಾಠ. ಒಂಬತ್ತು ದಿನ. ಧ್ವಜ ಹಿಡಿದವನ ಹಿಂದೆ ಐವತ್ತು ಜನ ಓಡುವ ಜಾತಿಯದಲ್ಲ. ಇಬ್ಬರಿಗೂ ನಲವತ್ತೈದು ತುಂಬಿತು. ಎರಡು ವರ್ಷ ಮನೆಯೊಳಗೇ ಕೂತೆವು. ಈಗ ಹೋಗದಿದ್ದರೆ ಯಾವಾಗ?

ನಿನ್ನ ಇಲ್ಲಿನ ವೀಸಾ ಸ್ಟ್ಯಾಂಪಿನ ಅವಧಿ ಮುಗಿದು ಐದು ವರ್ಷವಾಯಿತು, ವಾಪಸು ಬರುವುದು ಹೇಗೆ ಎಂದು ಫೋನಿನಲ್ಲಿ ಕೇಳಿದೆಯಲ್ಲ. ಹಲ್ಲು ತೋರಿಸಲು ನೀನು ಗಡಿಯಾಚೆ, ಮೆಕ್ಸಿಕೋದ ಟಿಹುವಾನಾಕ್ಕೆ ಎಷ್ಟು ಸಲ ಹೋಗಿ ಬಂದಿಲ್ಲ? ಇಲ್ಲಿ ಕೆಲಸ ಮಾಡಲು ಕೊಟ್ಟ ಅಪ್ರೂವಲ್ ಕಾಗದ ತೋರಿಸಿದರೆ ಬಿಡುತ್ತಾರೆ. ಮೂವತ್ತು ದಿನದೊಳಗಿನ ಪ್ರವಾಸಕ್ಕೆ ಹೊಸ ಸ್ಟ್ಯಾಂಪ್ ಬೇಡ, ಅದು ನಿಯಮ. ಇಂಡಿಯಾಕ್ಕೆ ಹೋದರೆ ಮಾತ್ರ ತೊಂದರೆ. ನಾನೂ ಆ ಕಾಗದಗಳ ಜೊತೆ ಹತ್ತು ವರ್ಷ ಬಾಳಿದವಳು, ನಂಬು.

ಹೂಂ ಅನ್ನು.

ನಿನ್ನ
ಊರ್ಮಿ


ಮೀರಾ ಮೆಸಾ, ಸ್ಯಾನ್ ಡಿಯಾಗೋ
ಫೆಬ್ರವರಿ 20, 2022

ಊರ್ಮಿ,

ಒಂದೇ ಪುಟದಲ್ಲಿ ನಾಲ್ಕು ತಪ್ಪು. ಕ್ಷಮಿಸಿದ್ದೇನೆ.

ವಿಕಾಸ್‌ಗೆ ಹೇಳಿದೆ. ಹೋಗಿ ಬಾ, ನಾನೂ ಪ್ರಣತಿಯೂ ಒಂಬತ್ತು ದಿನ ಪಿಜ್ಜಾ ತಿಂದುಕೊಂಡು ಇರುತ್ತೇವೆ ಎಂದರು. ಪ್ರಣತಿಗೆ ಹದಿನಾಲ್ಕು, ನಾನು ಮನೆಯಲ್ಲಿಲ್ಲದಿದ್ದರೆ ಅವಳಿಗೇ ಸಂತೋಷ.

ಆಸೆ ನನಗೂ ಇದೆ. ಎಷ್ಟಿದೆ ಎಂದು ಬರೆಯಲು ಭಯವಾಗುತ್ತದೆ. ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ವಕೀಲರು ಹೋಗಬೇಡಿ, ವಾಪಸು ಬರುವುದು ತಡವಾಗಬಹುದು ಎಂದರು. ಹೋಗಲಿಲ್ಲ. ಧಾರವಾಡದ ಮನೆಯ ಪಡಸಾಲೆಯಲ್ಲಿ ಅಪ್ಪನನ್ನು ಮಲಗಿಸಿದ್ದನ್ನು ಫೋನಿನಲ್ಲಿ ನೋಡಿದೆ. ಅಂದಿನಿಂದ ಸೂಟ್‌ಕೇಸ್ ಮುಟ್ಟಿಲ್ಲ.

ವಕೀಲರನ್ನು ಒಂದು ಮಾತು ಕೇಳುತ್ತೇನೆ. ಆಮೇಲೆ ಹೂಂ.

ಆದರೆ ಅಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ಏನು ಕೊಡುತ್ತಾರೆ? ಶೇಂಗಾ ಚಟ್ನಿಪುಡಿ ಹಾಕಿಕೊಳ್ಳುತ್ತೇನೆ. ನಗಬೇಡ.

ರಜನಿ


ಟೊರೆನ್ಸ್
ಮೇ 29, 2022

ರಜನಿ,

ನೀನು ಧಾರವಾಡದಲ್ಲಿ ತಮ್ಮನ ಮನೆ ಸೇರಿದೆ ಎಂದು ವಿಕಾಸ್ ಅವರಿಂದ ತಿಳಿಯಿತು. ನನ್ನ ಮೆಸೇಜುಗಳಿಗೆ ಉತ್ತರ ಬಂದಿಲ್ಲ. ಬರದಿದ್ದರೂ ಪರವಾಗಿಲ್ಲ ಎಂದು ಬರೆಯಹೊರಟು ನಿಲ್ಲಿಸಿದೆ. ಅದು ನಿಜವಲ್ಲ.

ಪ್ಯಾರಿಸ್ ವಿಮಾನ ನಿಲ್ದಾಣದ ಆ ಕೌಂಟರು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನಾವಿಬ್ಬರೂ ಹೆದರಿದ್ದು ಕೋವಿಡ್ ಪರೀಕ್ಷೆಯ ಕಾಗದಕ್ಕೆ ಮಾತ್ರ. ಅದನ್ನು ಎರಡು ಪ್ರತಿ ಇಟ್ಟುಕೊಂಡಿದ್ದೆವು. ನನ್ನ ಇಲ್ಲಿನ ಪಾಸ್‌ಪೋರ್ಟನ್ನು ಆ ಹುಡುಗಿ ತೆರೆದು ಮುಚ್ಚಿದಳು, ಅಷ್ಟೆ. ನಿನ್ನದನ್ನು ಹಿಂದೆ ಮುಂದೆ ತಿರುವಿದಳು. ವೀಸಾ ಎಲ್ಲಿ ಎಂದಳು. ನೀನು ಅಪ್ರೂವಲ್ ಕಾಗದ ಕೊಟ್ಟೆ. ಅವಳು ಮೇಲಿನವರನ್ನು ಕರೆದಳು. ಅವರು ಬಹಳ ಮೆತ್ತಗೆ ಹೇಳಿದರು: ಈ ನಿಯಮ ಮೆಕ್ಸಿಕೋ, ಕೆನಡಾಗಳಿಂದ ಬರುವವರಿಗೆ ಮಾತ್ರ, ಇಲ್ಲಿಂದ ನಿಮ್ಮನ್ನು ಹತ್ತಿಸಲಾಗುವುದಿಲ್ಲ, ನಿಮ್ಮ ದೇಶಕ್ಕೆ ಹೋಗಿ ವೀಸಾ ಹೊಡೆಸಿಕೊಂಡು ಬನ್ನಿ. ಮೂವತ್ತು ದಿನ ಎನ್ನುವುದು ನನಗೆ ನೆನಪಿತ್ತು. ಎಲ್ಲಿಂದ ಎನ್ನುವುದು ನೆನಪಿರಲಿಲ್ಲ. ಪೌರತ್ವ ಸಿಕ್ಕಿ ಪಾಸ್‌ಪೋರ್ಟ್ ಬದಲಾದ ಮೇಲೆ ನನಗೆ ಅದರ ಅಗತ್ಯವೇ ಬೀಳಲಿಲ್ಲ, ಮರೆತೆ. ಮರೆತಿದ್ದೇನೆ ಎನ್ನುವುದೂ ಗೊತ್ತಿರಲಿಲ್ಲ.

ಆಗ ನೀನು ನನ್ನ ಕಡೆ ತಿರುಗಿ, "ನೀ ಹೋಗು. ನೀನೂ ಇಲ್ಲೇ ನಿಂತು ಏನ ಮಾಡಾಕಿ?" ಎಂದೆ.

ನಾನು ಹೋದೆ. ಹೋಗಬೇಡ ಎಂದು ನೀನು ಹೇಳಲಾರೆ ಎಂಬುದು ಗೊತ್ತಿದ್ದೂ ಹೋದೆ. ವಿಮಾನದಲ್ಲಿ ಊಟ ಕೊಟ್ಟರು. ಪೂರ್ತಿ ತಿಂದೆ. ಯಾಕೆ ಇದನ್ನು ಹೇಳುತ್ತಿದ್ದೇನೆಂದರೆ, ಬೇರೆ ಯಾರಿಗೂ ಹೇಳಿಲ್ಲ.

ನಿನಗೆ ಆ ಒಂಬತ್ತು ದಿನಗಳು ಈಗ ಹೇಗೆ ಕಾಣುತ್ತವೋ. ನನಗೆ ಅವು ಹಾಳಾಗಬಾರದು ಎಂಬ ಹಟವಿದೆ. ಎಂಟು ಎಂದವರು ಕೊನೆಗೆ ಆರೇ ಜನರಾದೆವು. ಪಸಡೀನಾದ ಮುದುಕ ದಂಪತಿ, ಮಾತೇ ಆಡದ ಇಬ್ಬರು ಅಕ್ಕತಂಗಿಯರು, ನಾವು. ಗೈಡ್ ಎಲೆನ್ ಪ್ರತಿ ಹೋಟೆಲಿನಲ್ಲೂ ನಮ್ಮನ್ನು ತೋರಿಸಿ ಮಾಂಸವಿಲ್ಲ, ಮೀನಿಲ್ಲ, ಮಾಂಸದ ಸಾರೂ ಇಲ್ಲ ಎಂದು ಯಾರೋ ಕಾಯಿಲೆಯವರ ಪಥ್ಯ ಹೇಳುವಂತೆ ಹೇಳುತ್ತಿದ್ದಳು. ಅವರು ಮರುಕದಿಂದ ಆಮ್ಲೆಟ್ ತರುತ್ತಿದ್ದರು. ಮೂರನೇ ದಿನ ನೀನು ಬ್ರೆಡ್ಡಿಗೆ ಬೆಣ್ಣೆ ಸವರಿ ಅದರ ಮೇಲೆ ಚಟ್ನಿಪುಡಿ ಉದುರಿಸಿ ಎಲೆನ್‌ಗೆ ಕೊಟ್ಟೆ. ಅವಳಿಗೆ ಕಣ್ಣಲ್ಲಿ ನೀರು ಬಂತು, ಮೂಗು ಒರೆಸಿಕೊಂಡು ಇನ್ನೊಂದು ತುಂಡು ಕೇಳಿದಳು. ವಿಲಾಂದ್ರಿಯಲ್ಲಿ ರಾಜರ ಕಾಲದ ತೋಟವನ್ನು ಎತ್ತರದಿಂದ ನೋಡುತ್ತಾ ನಿಂತಾಗ, ಬಣ್ಣಬಣ್ಣದ ಕೋಸು, ಬೀಟ್‌ರೂಟ್‌ಗಳನ್ನು ಚೌಕ ಚೌಕವಾಗಿ ನೆಟ್ಟಿದ್ದನ್ನು ಕಂಡು ನೀನು, "ಅವ್ವ ಇದನ್ನ ನೋಡಿದ್ರ, ಇಷ್ಟೆಲ್ಲಾ ಕಾಯಿಪಲ್ಯಾ ಬರೇ ನೋಡಾಕ ಬೆಳದಾರೇನು ಅಂತ ಬೈತಿದ್ಲು" ಎಂದೆ. ಪಸಡೀನಾದ ಮುದುಕ ಯಾಕೆ ನಗುತ್ತೀರಿ ಎಂದು ಕೇಳಿದ. ಹೇಳಲು ಇಬ್ಬರಿಗೂ ಆಗಲಿಲ್ಲ.

ಕೊನೆಯ ಸಂಜೆ ಆಂಬ್ವಾಜ್‌ನ ಅಂಗಳದಲ್ಲಿ ಕೂತಿದ್ದಾಗ ನೀನು ಆಡಿದ ಮಾತು: "ಹದಿನಾರ ವರ್ಷದಾಗ ಇದ ಮೊದಲನೇ ಸಲ ನೋಡು, ಯಾರಿಗೂ ಕಾಗದಪತ್ರ ತೋರಸದ ಆರಾಮ ಕುಂತೀನಿ."

ಎರಡು ದಿನದ ನಂತರ ಆ ಕೌಂಟರು.

ನನ್ನಿಂದಾಯಿತು. ಏನು ಮಾಡಲಿ ಹೇಳು.

ಊರ್ಮಿ


ಟೊರೆನ್ಸ್
ಜುಲೈ 17, 2022

ರಜನಿ,

ಪ್ರತಿ ಶನಿವಾರ ನಿಮ್ಮ ಮನೆಗೆ ಹೋಗಿಬರುತ್ತಿದ್ದೇನೆ. ಟ್ರಾಫಿಕ್ ಇಲ್ಲದಿದ್ದರೆ ಎರಡು ಗಂಟೆ. ಹುಳಿ, ಪಲ್ಯ, ಪ್ರಣತಿಗೆ ಇಷ್ಟವೆಂದು ಅವಲಕ್ಕಿ. ನೀನು ಕೇಳಲಿಲ್ಲ, ನನಗೇ ಸುಮ್ಮನೆ ಕೂರಲಾಗದೆ ಶುರು ಮಾಡಿದೆ.

ವಿಕಾಸ್ ಬಾಗಿಲಲ್ಲೇ ಡಬ್ಬಿ ತೆಗೆದುಕೊಳ್ಳುತ್ತಾರೆ. ಹಳೆಯ ಡಬ್ಬಿ ತೊಳೆದು ಕೈಗೆ ಕೊಡುತ್ತಾರೆ. ಒಳಗೆ ಬನ್ನಿ ಎನ್ನುವುದಿಲ್ಲ. ಮೊದಲ ವಾರ ಮನೆ ಗಲೀಜಾಗಿರಬೇಕು ಎಂದುಕೊಂಡೆ. ಹೋದ ವಾರ ಪ್ರಣತಿಯ ಬೇಸಿಗೆ ಕ್ಲಾಸಿಗೆ ಅಪ್ಲೈ ಮಾಡುವ ಬಗ್ಗೆ ಏನೋ ಹೇಳಹೊರಟೆ. "ಅದನ್ನ ನಾವು ಗೊತ್ತಿರೋರನ್ನ ಕೇಳ್ತೀವಿ ಬಿಡಿ, ಊರ್ಮಿಳಾ ಅವರೇ" ಎಂದರು. ದನಿ ಏರಿಸಲಿಲ್ಲ. ಮೊದಲೆಲ್ಲ ನನ್ನನ್ನು ಊರ್ಮಿ ಎನ್ನುತ್ತಿದ್ದರು. ಕಾರಿಗೆ ಬಂದು ಕೂತೆ. ಅವರ ಹೆಂಡತಿಯನ್ನು ಅಲ್ಲಿ ಬಿಟ್ಟು ಬಂದವಳು ನಾನು, ಇನ್ನು ಹೇಗೆ ಮಾತಾಡಬೇಕಿತ್ತು ಎಂದು ನನ್ನನ್ನೇ ಕೇಳಿಕೊಂಡೆ.

ಪ್ರಣತಿ ಕಿಟಕಿಯಿಂದ ಕೈ ಬೀಸಿದಳು.

ಸಂದರ್ಶನದ ತಾರೀಖು ಸಿಕ್ಕಿತೇ? ಅದೊಂದನ್ನಾದರೂ ಬರೆ.

ಊರ್ಮಿ


ಧಾರವಾಡ
ಆಗಸ್ಟ್ 21, 2022

ಊರ್ಮಿಳಾ,

ನಿನ್ನ ಎರಡೂ ಕಾಗದ ತಲುಪಿವೆ. ವೀಸಾ ಸಂದರ್ಶನ ನವೆಂಬರ್ 9ಕ್ಕೆ, ಚೆನ್ನೈನಲ್ಲಿ. ಅದಕ್ಕಿಂತ ಮುಂಚಿನದು ಸಿಗಲಿಲ್ಲ. ಆಫೀಸಿನವರು ಇಲ್ಲಿಂದಲೇ ಕೆಲಸ ಮಾಡಲು ಬಿಟ್ಟಿದ್ದಾರೆ.

ಶನಿವಾರ ಹೋಗುವುದನ್ನು ಬಿಡಬೇಡ. ವಿಕಾಸ್ ಏನೇ ಅಂದರೂ ತಿರುಗಿ ಮಾತಾಡಬೇಡ. ಅವರು ಸಣ್ಣಗಾಗಿದ್ದಾರೆ ಎಂದು ವಿಡಿಯೋದಲ್ಲಿ ಅನಿಸಿತು. ಊಟ ಮಾಡುತ್ತಾರೋ ಇಲ್ಲವೋ ಪ್ರಣತಿಯನ್ನು ಕೇಳು.

ನನ್ನಿಂದಾಯಿತು ಎಂದು ಪದೇಪದೇ ಬರೆಯಬೇಡ. ಓದಲಾಗುವುದಿಲ್ಲ.

ರಜನಿ


ಮೀರಾ ಮೆಸಾ
ಅಕ್ಟೋಬರ್ 14, 2022

ರಜನಿ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಅಡುಗೆಮನೆಯಲ್ಲೇ ಕೂತು ಬರೆದು ಇಲ್ಲೇ ಇಟ್ಟು ಹೋಗುತ್ತೇನೆ. ನಾಳೆ ನೀನು ಬರುವ ಹೊತ್ತಿಗೆ ನಾನಿರುವುದಿಲ್ಲ. ಅದೇ ನಿನಗೆ ಬೇಕಿರುವುದು ಎಂದು ತಿಳಿದು ಹೋಗುತ್ತಿದ್ದೇನೆ. ತಪ್ಪು ತಿಳಿದಿದ್ದರೆ ಕರೆ.

ಎಲ್ಲ ಹೇಳು ಎಂದು ನೀನು ಪ್ರಣತಿಗೆ ಹೇಳಿದೆಯಂತೆ. ಅವಳಿಗೆ ಹೇಳಲಾಗದು. ನಾನು ಬರೆಯುತ್ತೇನೆ.

ಹೋದ ವಾರ ಗುರುವಾರ ಅವಳು ಶಾಲೆಯಿಂದ ಬಂದಾಗ ಗ್ಯಾರೇಜ್ ಬಾಗಿಲು ತೆರೆದೇ ಇತ್ತು. ವಿಕಾಸ್ ಕಾರಿನ ಪಕ್ಕ ಬಿದ್ದಿದ್ದರು. ಆಂಬುಲೆನ್ಸಿಗೆ ಫೋನ್ ಮಾಡಿ, ಅವರು ಹೇಳಿಕೊಟ್ಟಂತೆ ಎದೆ ಒತ್ತುತ್ತಾ ಇದ್ದಳು. ಹೃದಯ ಬೆಳಿಗ್ಗೆಯೇ ನಿಂತಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಅವಳು ಏನು ಮಾಡಿದ್ದರೂ ಆಗುತ್ತಿರಲಿಲ್ಲ. ಇದನ್ನು ನೀನೂ ಅವಳಿಗೆ ಮತ್ತೆ ಮತ್ತೆ ಹೇಳು.

ನಿನಗೆ ವೀಸಾ ಸಂದರ್ಶನದ ತುರ್ತು ತಾರೀಖು ಸಿಗುವವರೆಗೆ ಕಾಯೋಣ ಎಂದು ನಾವಿದ್ದೆವು. ಆರನೇ ದಿನ ನೀನೇ ಫೋನಿನಲ್ಲಿ, "ಮಾಡಿಬಿಡ್ರಿ. ಆ ಹುಡುಗೀನ ಇನ್ನ ಕಾಯಿಸಬ್ಯಾಡ್ರಿ" ಎಂದೆ. ಇಲ್ಲಿ ಚಿತೆಗೆ ಬೆಂಕಿ ಇಡುವುದಿಲ್ಲ, ಚಿತಾಗಾರದ ಯಂತ್ರದ ಗುಂಡಿ ಒತ್ತಬೇಕು. ನಮ್ಮನೆಯವರೇ ಒತ್ತಲಿ ಎಂದಾಯಿತು, ರಾಜೀವ್ ಮುಂದೆ ಹೋದರು. ಪ್ರಣತಿ, "ನೋ ಅಂಕಲ್, ಐ'ಲ್ ಡೂ ಇಟ್" ಎಂದು ತಾನೇ ಒತ್ತಿದಳು. ನೀನು ನೋಡುತ್ತಿದ್ದ ಫೋನನ್ನು ನಾನೇ ಹಿಡಿದಿದ್ದೆ. ಆ ಗಳಿಗೆಯಲ್ಲಿ ಅವಳ ಕಡೆ ಕೈ ಚಾಚಿದೆ, ಫೋನು ತಿರುಗಿ ನಿನಗೆ ಬರೀ ಗೋಡೆ ಕಂಡಿರಬೇಕು. ಅದಕ್ಕಾಗಿಯೂ ಕ್ಷಮಿಸು.

ಫ್ರಿಜ್ಜಿನಲ್ಲಿ ಎರಡು ದಿನಕ್ಕಾಗುವಷ್ಟು ಅಡುಗೆ ಇದೆ.

ಊರ್ಮಿಳಾ


ಟೊರೆನ್ಸ್
ಜೂನ್ 11, 2023

ರಜನಿ,

ಎಂಟು ತಿಂಗಳಲ್ಲಿ ನೀನು ಒಮ್ಮೆಯೂ ಕರೆಯಲಿಲ್ಲ. ಒಮ್ಮೆ ನಾನೇ ಬಂದೆ. ನೀನು ಟೀ ಮಾಡಿಕೊಟ್ಟೆ, ಎದುರಿಗೆ ಕೂರದೆ ಒಲೆಯ ಹತ್ತಿರವೇ ನಿಂತಿದ್ದೆ. ಅರ್ಧ ಗಂಟೆಯಲ್ಲಿ ಎದ್ದು ಬಂದೆ. ಪ್ರಣತಿ ಮಾತ್ರ ಆಗೊಮ್ಮೆ ಈಗೊಮ್ಮೆ ಮೆಸೇಜ್ ಮಾಡುತ್ತಾಳೆ. ರಜೆಯಲ್ಲಿ ಒಂದು ವಾರ ನಮ್ಮ ಮನೆಗೆ ಬರಲೇ ಎಂದು ಕೇಳಿದ್ದಾಳೆ. ನಿನ್ನನ್ನು ಕೇಳದೆ ಹೂಂ ಎನ್ನಲಾರೆ. ನಿನಗೆ ಹೇಳದೆ ಉಳಿಸಿಕೊಂಡಿರುವ ಒಂದು ವಿಷಯವಿದೆ, ಅದನ್ನು ಹೇಳದೆ ನಿನ್ನ ಮಗಳನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ.

ನಾನು ಮರೆತೆ ಎಂದು ಬರೆದಿದ್ದೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಹೊರಡುವ ಒಂದು ತಿಂಗಳ ಮುಂಚೆ ರಾಜೀವ್ ಊಟ ಮಾಡುತ್ತಾ, "ಆ ರೂಲ್ ಮೆಕ್ಸಿಕೋಗೆ ಮಾತ್ರ ಅಲ್ವೇನೇ? ರಜನಿಗೆ ಲಾಯರ್ ಹತ್ರ ಗಟ್ಟಿ ಮಾಡ್ಕೋ ಅಂತ ಹೇಳು" ಎಂದರು. ಹೇಳ್ತೀನಿ ಎಂದೆ. ಹೇಳಲಿಲ್ಲ. ಅದೇ ವಾರ ಪ್ರವಾಸದವರು ಪತ್ರ ಬರೆದಿದ್ದರು: ಇಬ್ಬರು ಹಿಂದೆ ಸರಿದಿದ್ದಾರೆ, ಆರು ಜನರಿಗಿಂತ ಕಡಿಮೆಯಾದರೆ ರದ್ದು. ನೀನು ಬಿಟ್ಟರೆ ಪ್ರವಾಸವೇ ಇಲ್ಲ. ನೀನು ವಕೀಲರನ್ನು ಕೇಳುತ್ತೇನೆ ಎಂದು ಬರೆದಿದ್ದೆ. ಕೇಳಿದೆಯಾ ಎಂದು ನಾನು ಎಂದೂ ವಿಚಾರಿಸಲಿಲ್ಲ. ಕೇಳಿಯೇ ಇರುತ್ತಾಳೆ, ಸುಮ್ಮನಿದ್ದಾಳೆಂದರೆ ಸರಿಯಾಗಿದೆ ಎಂದರ್ಥ, ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ಅನುಕೂಲದ ಯೋಚನೆ ಅದು.

ಕೆಟ್ಟದ್ದಾಗಲಿ ಎಂದು ಮಾಡಲಿಲ್ಲ. ನಿನ್ನ ಜೊತೆ ಹೋಗಬೇಕು ಎಂಬ ಆಸೆ, ಅಷ್ಟೆ. ಅಷ್ಟು ಸಣ್ಣದಕ್ಕೆ ಇಷ್ಟು ದೊಡ್ಡದಾಯಿತು. ವಿಕಾಸ್ ನನ್ನನ್ನು ಬಾಗಿಲ ಹೊರಗೇ ನಿಲ್ಲಿಸಿದರಲ್ಲ, ಅವರಿಗೆ ಹೇಗೋ ಇದು ತಿಳಿದಿತ್ತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ತಿಳಿಯದಿದ್ದರೂ ಅವರು ಮಾಡಿದ್ದು ಸರಿ.

ಈಗ ನೀನು ಏನು ಹೇಳಿದರೂ ಕೇಳುತ್ತೇನೆ.

ಊರ್ಮಿಳಾ


ಮೀರಾ ಮೆಸಾ
ಜುಲೈ 2, 2023

ಊರ್ಮಿ,

ನಿನ್ನ ಕಾಗದ ಮೂರು ವಾರದಿಂದ ಮೇಜಿನ ಮೇಲಿದೆ. ಒಂದೂ ತಪ್ಪಿಲ್ಲ. ಎಷ್ಟು ಸಲ ನೋಡಿ ನಕಲು ಮಾಡಿದೆಯೋ.

ವಕೀಲರಿಗೆ ನಾನು ಮೇ ಮೊದಲ ವಾರ ಬರೆದೆ. ಹೊರಡುವ ನಾಲ್ಕು ದಿನ ಮುಂಚೆ ಫೋನಿಗೆ ಉತ್ತರದ ಮೇಲ್ ಬಂತು. ತೆರೆಯಬೇಕಾಗಿಯೂ ಇರಲಿಲ್ಲ, ಮೊದಲ ಸಾಲು ಹೊರಗಿನಿಂದಲೇ ಕಾಣುತ್ತಿತ್ತು. ದಯವಿಟ್ಟು ಪ್ರಯಾಣ ಮಾಡಬೇಡಿ. ಫೋನನ್ನು ಮಗುಚಿ ಇಟ್ಟು ಶೇಂಗಾ ಹುರಿಯಲು ಹೋದೆ.

ಯಾಕೆ ಎಂದು ನೀನು ಕೇಳುತ್ತೀಯ. ಅಪ್ಪ ಹೋದಾಗ ಅದೇ ವಕೀಲರ ಅದೇ ಮಾತು ಕೇಳಿ ಕೂತಿದ್ದೆ. ಇನ್ನೊಂದು ಸಲ ಕೂರಲು ನನ್ನಿಂದಾಗಲಿಲ್ಲ. ಆಗಿದ್ದಾಗಲಿ, ಎರಡು ವಾರ ತಡವಾದೀತು ಎಂದುಕೊಂಡೆ. ಊರ್ಮಿ ಹೇಳಿದ್ದೇ ನಿಜವಿರಬಹುದು ಎಂದೂ ಅಂದುಕೊಂಡೆ. ಅಂದುಕೊಳ್ಳಲು ನೀನಿದ್ದೆ, ಅನುಕೂಲವಾಯಿತು.

ಇನ್ನೂ ಒಂದಿದೆ. ಜೂನ್ ಶುರುವಿನಲ್ಲಿ ವಿಕಾಸ್ ಫೋನಿನಲ್ಲಿ, "ಲಾಯರ್ ಏನಂದಿದ್ರು?" ಎಂದು ಕೇಳಿದರು. ಕೇಳಲೇ ಇಲ್ಲ, ಊರ್ಮಿ ತನಗೆಲ್ಲ ಗೊತ್ತು, ಯಾರನ್ನೂ ಕೇಳಬೇಡ ಎಂದಳು, ಎಂದೆ. ನಿನ್ನನ್ನು ಅವರು ಒಳಗೆ ಕರೆಯದಿದ್ದದ್ದು ಆಮೇಲಿನಿಂದ. ಜುಲೈನಲ್ಲಿ ನಿನ್ನ ಕಾಗದ ಓದಿದಾಗಲೇ ನನಗೆ ತಿಳಿಯಿತು. ಆಗಲೂ ಅವರಿಗೆ ನಿಜ ಹೇಳಲಿಲ್ಲ. ವಾಪಸು ಹೋದ ಮೇಲೆ ಎದುರಿಗೆ ಕೂತು ಹೇಳೋಣ ಎಂದಿದ್ದೆ.

ಅವರು ಅದನ್ನು ನಂಬಿಕೊಂಡೇ ಹೋದರು. ನೀನು ಬಂದ ದಿನ ನಾನು ಒಲೆಯ ಹತ್ತಿರ ನಿಂತದ್ದು ಕೋಪದಿಂದಲ್ಲ. ನಿನ್ನ ಮುಖ ನೋಡಲಾಗಲಿಲ್ಲ.

ನಿನ್ನೆ ಪ್ರಣತಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ. "ಸೋ ಡ್ಯಾಡ್ ವಾಸ್ ಮೀನ್ ಟು ಹರ್ ಫಾರ್ ನಥಿಂಗ್?" ಎಂದಳು, ಅಪ್ಪ ಸುಮ್ಮಸುಮ್ಮನೆ ಆಂಟಿಯ ಜೊತೆ ಕಟುವಾಗಿ ನಡೆದುಕೊಂಡರೇ ಎಂದು. ಇಷ್ಟು ದಿನ ಅಪ್ಪ ಒಳ್ಳೆಯವನಾಗಿದ್ದ, ಆಂಟಿ ತಪ್ಪು ಮಾಡಿದ್ದಳು ಎಂದು ಇಟ್ಟುಕೊಂಡಿದ್ದಳು ಪಾಪ. ಅದನ್ನೂ ಕಿತ್ತುಕೊಂಡೆ. ನೀನು ಬರೆಯದಿದ್ದರೆ ನಾನೇ ಆಂಟಿಗೆ ಫೋನ್ ಮಾಡುತ್ತೇನೆ ಎಂದಳು. ಅದಕ್ಕೇ ಬರೆಯುತ್ತಿದ್ದೇನೆ, ಧೈರ್ಯದಿಂದಲ್ಲ.

ಇರಲಿ ಬಿಡು ಎಂದು ಮಾತ್ರ ಬರೆಯಬೇಡ. ನಿನಗೆ ಅದು ಬೇಗ ಬರುತ್ತದೆ.

ರಜನಿ


ಟೊರೆನ್ಸ್
ಜುಲೈ 9, 2023

ರಜನಿ,

ಇರಲಿ ಬಿಡು ಎಂದು ಬರೆಯಲು ಕೂತಿದ್ದೆ. ಎರಡು ಸಲ ಬರೆದೂ ಬರೆದೆ. ನನಗೆ ಅದು ಬೇಗ ಬರುತ್ತದೆ ಎನ್ನುವುದು ನಿನಗೆ ಎಷ್ಟು ಚೆನ್ನಾಗಿ ಗೊತ್ತು.

ನಾನು ಮಾಡಿದ್ದು ನಾನು ಮಾಡಿದ್ದೇ. ನೀನು ಮಾಡಿದ್ದು ಅದನ್ನು ಅಳಿಸುವುದಿಲ್ಲ. ವಕೀಲರ ಮಾತು ಮೀರಿ ನೀನು ಬಂದದ್ದು ನನಗೆ ಅರ್ಥವಾಗುತ್ತದೆ. ನಿನ್ನ ಜಾಗದಲ್ಲಿ ನಾನಿದ್ದರೆ ನಾನೂ ಶೇಂಗಾ ಹುರಿಯುತ್ತಿದ್ದೆನೇನೋ. ಆದರೆ ಹದಿನೆಂಟು ಶನಿವಾರ ನಾನು ಆ ಮೆಟ್ಟಿಲ ಮೇಲೆ ನಿಂತಿದ್ದೆ, ರಜನಿ. ಒಂದು ಮಾತಿನಿಂದ ನೀನು ಅದನ್ನು ನಿಲ್ಲಿಸಬಹುದಿತ್ತು. ವಿಕಾಸ್ ನನ್ನ ಸ್ನೇಹಿತರೂ ಆಗಿದ್ದರು. ಅವರಿಗಾಗಿ ನಾನು ಅತ್ತಿಲ್ಲ. ಅಳುವ ಹಕ್ಕು ನನಗಿಲ್ಲ ಎಂದುಕೊಂಡಿದ್ದೆ.

ಈ ವಾರ ಅತ್ತೆ. ನಿನ್ನ ಮೇಲೆ ಸಿಟ್ಟು ಬಂದಿದೆ. ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಬೇಗ ಹೋಗಲಿ ಎಂಬ ಆತುರವೂ ಈ ಸಲ ಇಲ್ಲ.

ಪ್ರಣತಿಯನ್ನು ಶುಕ್ರವಾರ ರೈಲಿಗೆ ಹತ್ತಿಸು. ಲಾಸ್ ಏಂಜಲೀಸ್ ಸ್ಟೇಷನ್ನಿನಲ್ಲಿ ನಾನೇ ನಿಂತಿರುತ್ತೇನೆ. ಒಂದು ವಾರವಲ್ಲ, ಬೇಕಾದಷ್ಟು ದಿನ ಇರಲಿ. ಅವಳಪ್ಪ ಎಷ್ಟು ಒಳ್ಳೆಯವರಾಗಿದ್ದರು ಎನ್ನುವುದಕ್ಕೆ ನನ್ನ ಹತ್ತಿರ ಹದಿನೈದು ವರ್ಷದ ಮಾತಿದೆ, ಹೇಳುತ್ತೇನೆ.

ನೀನು ಜೊತೆಗೆ ಬರಬೇಡ. ಈಗಲೇ ಬೇಡ.

ಊರ್ಮಿ